ಗುರುವಾರದ ಮೇಡಂ ಅವರನ್ನು ವಾಪಸ್ ಕಳಿಸಿ

ಮಾನ್ಯ ನಿರ್ದೇಶಕರೇ,

ಕಳೆದ ವರ್ಷ ನಮ್ಮ ಕಾಲೇಜಿನಿಂದ ಒಂದೇ ಒಂದು ದೂರೂ ಬರಲಿಲ್ಲ ಎಂಬ ಕಾರಣಕ್ಕೆ ನೀವು ನಮ್ಮ ಕಂಪ್ಯೂಟರ್ ಸಲಹೆಗಾರರ ಹುದ್ದೆಯನ್ನು ರದ್ದು ಮಾಡಿದ್ದೀರಿ. ಆದ್ದರಿಂದ ಈ ದೂರು. ತಡವಾಗಿದ್ದಕ್ಕೆ ಕ್ಷಮೆ ಇರಲಿ. ಎಲ್ಲ ಸರಿಯಾಗಿ ನಡೆಯುತ್ತಿದ್ದಾಗಲೂ ಆಗಾಗ ಗೋಳಾಡುತ್ತಿರಬೇಕು ಎಂಬ ನಿಯಮ ನಮಗೆ ತಿಳಿದಿರಲಿಲ್ಲ. ಈ ಪತ್ರವನ್ನು ನೇರವಾಗಿ ನಿಮ್ಮ ಮೇಜಿಗೇ ಕಳಿಸಬಹುದಿತ್ತು. ಕಳಿಸಿಯೂ ಆಯಿತು, ಒಂದಲ್ಲ ಎರಡು ಸಲ. ಎರಡು ಸಲವೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಮಳೆಗಾಲ ಪರಿಶೀಲನೆಯಲ್ಲಿಲ್ಲ, ಅದು ಬರುತ್ತಾ ಇದೆ. ಹಾಗಾಗಿ ಈ ಸಲ ನಾಲ್ಕು ಜನ ಓದುವ ಹಾಗೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪಟ್ಟಿಗಳಲ್ಲಿ ನಮ್ಮ ಕಾಲೇಜು 'ಇತರೆ' ಎಂಬ ಮಾತಿನ ಕೆಳಗೆ ಬರುತ್ತದೆ. ಹೊಳೆ ಬದಿಯ ಊರೊಂದರ ಸಣ್ಣ ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಭೂಗೋಳ ಕಲಿಸುತ್ತೇನೆ. ನಮ್ಮ ಕಂಪ್ಯೂಟರ್ ಕೋಣೆ ಹಿಂದೆ ಸೈಕಲ್ ನಿಲ್ಲಿಸುವ ಷೆಡ್ಡಾಗಿತ್ತು. ಹ್ಯಾಂಡಲ್‌ಗಳು ಉಜ್ಜಿ ಬಿದ್ದ ಗೆರೆಗಳು ಗೋಡೆಯ ಮೇಲೆ ಈಗಲೂ ಇವೆ. ಫ್ಯಾನ್ ಹಾಕಿದರೆ ಕಾಗದ ಹಾರುತ್ತದೆ, ಹಾಕದಿದ್ದರೆ ಯಂತ್ರಗಳು ಕಾಯುತ್ತವೆ. ಆದ್ದರಿಂದ ಪ್ರತಿಯೊಬ್ಬಳ ಕಾಗದದ ಮೇಲೂ ಒಂದೊಂದು ಕಲ್ಲು. ಭೂಗೋಳ ವಿಭಾಗದಲ್ಲಿ ಕಲ್ಲಿಗೇನು ಕೊರತೆ. ಇಂಥ ಕೋಣೆಗೆ ಕೆಲವು ವರ್ಷಗಳ ಹಿಂದೆ ನಿಮ್ಮ ಸುತ್ತೋಲೆ ಬಂತು. ದೊಡ್ಡ ವಿಶ್ವವಿದ್ಯಾಲಯದಲ್ಲಿರುವ ಮಹಾಗಣಕವನ್ನು, ಅಂದರೆ ಸೂಪರ್ ಕಂಪ್ಯೂಟರನ್ನು, ಇನ್ನು ಮುಂದೆ ಸಣ್ಣ ಕಾಲೇಜುಗಳೂ ದೂರದಿಂದಲೇ ಬಳಸಬಹುದು, ಬಾಗಿಲು ಎಲ್ಲರಿಗೂ ತೆರೆದಿದೆ ಎಂದು. ಸಂತೋಷ. ಆ ಬಾಗಿಲು ಎಲ್ಲಿದೆ ಎಂದು ಮಾತ್ರ ಬರೆದಿರಲಿಲ್ಲ. ಜೊತೆಗೆ ಬಂದ ಕೈಪಿಡಿ ತಲೆದಿಂಬಿನಷ್ಟು ದಪ್ಪವಿತ್ತು, ತೆರೆದರೆ ಬರುತ್ತಿದ್ದದ್ದೂ ನಿದ್ದೆಯೇ. ಪ್ರಾಂಶುಪಾಲರು ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಒಂದು ಗುಂಡಿಯನ್ನೂ ಒತ್ತದೆ ನಾವು ವರ್ಷಗಟ್ಟಲೆ ನಿಮ್ಮ ವರದಿಗಳಲ್ಲಿ ಮಹಾಗಣಕದ ಬಳಕೆದಾರರಾಗಿ ಎಣಿಕೆಯಾದೆವು.

ಆಮೇಲೆ ನೀವು ಒಂದು ಒಳ್ಳೆಯ ಕೆಲಸ ಮಾಡಿದಿರಿ. ಇಲ್ಲ ಎನ್ನುವುದಿಲ್ಲ. ಅಕ್ಕಪಕ್ಕದ ಐದು ಸಣ್ಣ ಕಾಲೇಜುಗಳಿಗೆ ಸೇರಿ ಒಬ್ಬ ಸಲಹೆಗಾರರನ್ನು ಕೊಟ್ಟಿರಿ, ದಿನಕ್ಕೊಂದು ಕಾಲೇಜು. ನಮ್ಮ ಪಾಲಿಗೆ ಗುರುವಾರ ಬಂತು, ಹಾಗಾಗಿ ನಮ್ಮ ಹುಡುಗಿಯರಿಗೆ ಅವರು 'ಗುರುವಾರದ ಮೇಡಂ' ಆದರು. ಸೋಮವಾರದ ಕಾಲೇಜಿನಲ್ಲಿ ಸೋಮವಾರದ ಮೇಡಂ. ಒಬ್ಬ ಹೆಂಗಸಿಗೆ ಐದು ಹೆಸರು, ಒಂದು ಸಂಬಳ. ಬಸ್ಸಿಳಿದು ಬಂದು ಕೈಚೀಲವನ್ನು ಕುರ್ಚಿಗೆ ನೇತುಹಾಕಿ, ಎರಡೂ ಕೈ ಹಿಂದೆ ಕಟ್ಟಿ ನಿಂತುಬಿಡುತ್ತಿದ್ದರು. ಇಡೀ ದಿನ ಹಾಗೇ. ಮೊದಲ ವಾರವೇ ನಾನು, "ಇದೊಂದನ್ನ ನೀವೇ ಮಾಡಿಕೊಟ್ಟುಬಿಡಿ, ಬೇಗ ಆಗುತ್ತೆ" ಎಂದೆ.

"ನಾನು ಕೀಲಿಮಣೆ ಮುಟ್ಟಲ್ಲ."

"ಯಾಕೆ, ಶಾಕ್ ಹೊಡೆಯುತ್ತಾ?"

"ಮುಟ್ಟಿದ್ರೆ ಮುಂದಿನ ವಾರಾನೂ ನನ್ನನ್ನೇ ಕರೀತೀರಿ. ಅದರ ಮುಂದಿನ ವಾರಾನೂ. ನಾನು ಬಸ್ಸಲ್ಲೇ ಮುದುಕಿ ಆಗ್ತೀನಿ, ನೀವು ಇದ್ದಲ್ಲೇ ಇರ್ತೀರಿ."

ನನಗೆ ಮೈಯೆಲ್ಲ ಉರಿಯಿತು. ಸಂಬಳ ಎಣಿಸಿಕೊಂಡು ಕೈ ಕಟ್ಟಿ ನಿಲ್ಲುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಇವರೂ ಆ ಪೈಕಿ ಎಂದುಕೊಂಡೆ. ಆದರೆ ಅವರ ನಿಲುವಿನಲ್ಲಿ ಒಂದು ಹಟವಿತ್ತು. ಹುಡುಗಿಯರು ತಡವರಿಸಿದರೆ ಕಾಯುತ್ತಿದ್ದರು. ತಪ್ಪು ಮಾಡಿದರೆ, "ಈಗ ಯಂತ್ರ ಏನಂತು, ಜೋರಾಗಿ ಓದು" ಎನ್ನುತ್ತಿದ್ದರು. ಒಬ್ಬಳು ಒಂದು ವಿಷಯ ಕಲಿತರೆ, ಅದನ್ನು ಇನ್ನಿಬ್ಬರಿಗೆ ಕಲಿಸುವವರೆಗೆ ಮುಂದಿನ ಪ್ರಶ್ನೆ ಕೇಳುವಂತಿರಲಿಲ್ಲ. ಕಲಿತು ಬಲಿತವರನ್ನು ಬಸ್ಸು ಹತ್ತಿಸಿ ಶುಕ್ರವಾರದ ಕಾಲೇಜಿಗೆ ಕಲಿಸಲು ಕರೆದೊಯ್ಯುತ್ತಿದ್ದರು. ಸೋಮವಾರದ ಕಾಲೇಜಿನ ರಸಾಯನಶಾಸ್ತ್ರದ ಹುಡುಗರು ನಮ್ಮ ಷೆಡ್ಡಿಗೆ ಬಂದು, ದೂರದ ಗಣಕದಲ್ಲಿ ನಮ್ಮ ಲೆಕ್ಕವನ್ನು ಸರದಿಗೆ ಹಚ್ಚುವುದು ಹೇಗೆಂದು ತೋರಿಸಿ ಹೋದರು. ನನಗಿಂತ ಮೊದಲು ನನ್ನ ವಿದ್ಯಾರ್ಥಿನಿಯರು ಕಲಿತರು. ಆಮೇಲೆ ನನಗೆ ಕಲಿಸಿದರು, ಸಾಕಷ್ಟು ಗದರಿಸಿಯೇ.

ಈಗ ನಮ್ಮೂರಿನ ತಗ್ಗಿನಲ್ಲಿರುವ ಕೆಳಬೀದಿಯ ವಿಷಯಕ್ಕೆ ಬರುತ್ತೇನೆ. ನೀವು ಈ ಪತ್ರವನ್ನು ಇಲ್ಲಿಯವರೆಗೆ ಓದಿದ್ದರೆ, ದಯವಿಟ್ಟು ಇದನ್ನೂ ಓದಿ. ಮೂರು ಮಳೆಗಾಲದ ಹಿಂದೆ ನಮ್ಮ ಹೊಳೆ ಉಕ್ಕಿತು. ಎಚ್ಚರಿಕೆಯ ಸೈರನ್ ಕೂಗಿದ್ದು ಎತ್ತರದಲ್ಲಿರುವ ಮೇಲುಬೀದಿಯಲ್ಲಿ. ಅಲ್ಲಿಯವರು ಗಾಬರಿಬಿದ್ದು ಓಡಿ ಬಂದು ಸೇರಿದ್ದು ಆಶ್ರಯ ಕೇಂದ್ರವೆಂದು ಬೋರ್ಡು ಹಾಕಿದ್ದ ಕೆಳಬೀದಿಯ ಶಾಲೆಗೆ. ಯಾಕೆಂದರೆ ಆಡಳಿತದ ನಕ್ಷೆಯಲ್ಲಿ ನಮ್ಮ ಇಡೀ ಊರಿಗೆ ಒಂದೇ ಬಣ್ಣ. ಎತ್ತರ ಯಾವುದು, ತಗ್ಗು ಯಾವುದು ಎಂದು ಅದರಲ್ಲಿಲ್ಲ. ಗೋಡೆ ಗಟ್ಟಿಯಿದೆ ಎಂದು ಶಾಲೆಯನ್ನು ಆರಿಸಿದ್ದರು. ನೀರು ಮುಟ್ಟದ ಮನೆಗಳನ್ನು ಬಿಟ್ಟು ಜನ ನೀರಿನೊಳಕ್ಕೆ ಬಂದು ಕೂತರು. ಕೆಳಬೀದಿಯವರಂತೂ ಅಲ್ಲೇ ಇದ್ದರು, ಬೆಂಚುಗಳ ಮೇಲೆ ನಿಂತುಕೊಂಡು. ಅವರಲ್ಲಿ ನಮ್ಮ ದರ್ಜಿಯ ತಾಯಿಯೂ ಒಬ್ಬರು. ನೀರು ಇಳಿಯಿತು, ಅವರ ಎದೆ ಹಿಡಿದ ಕೆಮ್ಮು ಇಳಿಯಲಿಲ್ಲ. ತಿಂಗಳು ತುಂಬುವುದರೊಳಗೆ ತೀರಿಕೊಂಡರು. ಆ ಅಜ್ಜಿಯ ಮೊಮ್ಮಗಳು, ದರ್ಜಿಯ ಮಗಳು, ನನ್ನ ವಿದ್ಯಾರ್ಥಿನಿ.

ಅವಳು ಒಂದು ದಿನ ತರಗತಿ ಮುಗಿದ ಮೇಲೆ ನಿಂತಳು. "ಮೇಡಂ, ನೀರು ಯಾವ ಮನೆಗೆ ಮೊದಲು ಬರುತ್ತೆ ಅಂತ ಲೆಕ್ಕ ಹಾಕೋಕೆ ಆಗುತ್ತಾ?"

"ಆಗುತ್ತೆ. ಆದ್ರೆ ಅದು ನಮ್ಮಂಥವರ ಕೆಲಸ ಅಲ್ಲಮ್ಮ. ದೊಡ್ಡ ದೊಡ್ಡ ಸಂಸ್ಥೆಗಳು ಮಾಡೋದು."

ಹಿಂದೆ ಕೈ ಕಟ್ಟಿ ನಿಂತಿದ್ದ ಗುರುವಾರದ ಮೇಡಂ, "ಆ ದೊಡ್ಡ ಸಂಸ್ಥೆಯವರು ಈ ಬೀದಿಗೆ ಬರ್ತಾರಂತಾ?" ಎಂದು ಕೇಳಿದರು. ಅದಕ್ಕೆ ನಿಮ್ಮ ಬಳಿ ಉತ್ತರ ಇದೆಯೇ? ಸಣ್ಣ ಕಾಲೇಜಿಗೆ ಸಣ್ಣ ಪ್ರಶ್ನೆಗಳು ಸಾಕು ಎಂದು ಯಾವ ಆದೇಶದಲ್ಲಿ ಬರೆದಿದೆ? ನೀರು ಕಾಲೇಜಿನ ಗಾತ್ರ ನೋಡಿಕೊಂಡು ಬರುತ್ತದೆಯೇ?

ಹುಡುಗಿಯರು ಬೀದಿಗಿಳಿದರು. ಪ್ರತಿ ಮನೆಯ ಹೊಸ್ತಿಲು ರಸ್ತೆಯಿಂದ ಎಷ್ಟು ಎತ್ತರ, ಮೋರಿ ಎಷ್ಟು ಆಳ, ಗಲ್ಲಿ ಯಾವ ಕಡೆ ವಾಲಿದೆ, ಎಲ್ಲ ಅಳೆದರು. "ರಸ್ತೆ ಅಗಲ ಮಾಡ್ತಾರಾ? ನನ್ನ ಮೆಟ್ಟಿಲು ಹೋಗುತ್ತಾ?" ಎಂದು ಗಡಿಯಾರ ರಿಪೇರಿಯವನು ಅಳೆಯಲು ಬಂದವರನ್ನು ಬೈದು ಕಳಿಸಿದ. ಬಂದ ಅಂಕಿಗಳನ್ನೆಲ್ಲ ಕೂಡಿಸಿ ಮಹಾಗಣಕಕ್ಕೆ ಕಳಿಸಿದೆವು. ನಮ್ಮ ಯಂತ್ರದಲ್ಲಿ ಹಾಕಿದ್ದರೆ ಮುಂದಿನ ಮಳೆಗಾಲ ಕಳೆದ ಮೇಲೆ ಉತ್ತರ ಬರುತ್ತಿತ್ತು. ಅಲ್ಲಿ ಒಂದೇ ದಿನಕ್ಕೆ ಬಂತು. ಬಂದ ಉತ್ತರ ನೋಡಿ ಎಲ್ಲರೂ ಮುಖ ಮುಖ ನೋಡಿಕೊಂಡೆವು. ದರ್ಜಿಯ ಓಣಿ ಅಕ್ಕಪಕ್ಕದ ಓಣಿಗಳಿಗಿಂತ ಆಳೆತ್ತರ ಮೇಲಿದೆ, ಊರೆಲ್ಲ ಮುಳುಗಿದರೂ ಅದು ಮುಳುಗುವುದಿಲ್ಲ ಎಂದಿತ್ತು.

ಗುರುವಾರದ ಮೇಡಂ ಪರದೆಯನ್ನು ನೋಡಿದರು, ಹುಡುಗಿಯರನ್ನು ನೋಡಿದರು. "ನಂಬ್ತೀರಾ?"

"ಇಲ್ಲ ಮೇಡಂ."

"ಹಾಗಾದ್ರೆ ಹುಡುಕಿ." ಅಷ್ಟೇ ಹೇಳಿ ಬಸ್ಸಿಗೆ ಹೊರಟುಬಿಟ್ಟರು. ನನಗೆ ಮತ್ತೆ ಸಿಟ್ಟು. ಅವರಿಗೆ ತಪ್ಪು ಎಲ್ಲಿದೆ ಎಂದು ಗೊತ್ತಿತ್ತು ಎಂದು ಈಗಲೂ ನನಗೆ ಅನುಮಾನ. ವಾರವೆಲ್ಲ ತಲೆ ಕೆರೆದುಕೊಂಡು ಹುಡುಗಿಯರೇ ಕಂಡುಹಿಡಿದರು. ತಮ್ಮ ಓಣಿಯನ್ನು ಅಳೆಯಲು ದರ್ಜಿಯ ಮಗಳು ಮನೆಯ ಟೇಪನ್ನೇ ತೆಗೆದುಕೊಂಡು ಹೋಗಿದ್ದಳು. ಬಟ್ಟೆ ಅಳೆಯುವ ಟೇಪಿನ ಒಂದು ಮಗ್ಗುಲಲ್ಲಿ ಇಂಚು, ಇನ್ನೊಂದು ಮಗ್ಗುಲಲ್ಲಿ ಸೆಂಟಿಮೀಟರ್. ಎಲ್ಲರೂ ಇಂಚಿನಲ್ಲಿ ಬರೆದುಕೊಂಡಿದ್ದರೆ, ಅವಳ ಗುಂಪು ಮಾತ್ರ ಆ ಇನ್ನೊಂದು ಮಗ್ಗುಲು ಓದಿತ್ತು. ಆ ಸೆಂಟಿಮೀಟರ್‌ಗಳನ್ನೂ ಇಂಚೆಂದೇ ಎಣಿಸಿದ ಯಂತ್ರ ಓಣಿಯನ್ನು ಎರಡೂವರೆ ಪಟ್ಟು ಎತ್ತರಿಸಿತ್ತು. ಅವಳು ನಾಚಿಕೆಯಿಂದ ಎರಡು ದಿನ ಕಾಲೇಜಿಗೆ ಬರಲಿಲ್ಲ. ಮುಂದಿನ ಗುರುವಾರ ಮೇಡಂ ಬಂದು, "ಇನ್ನು ಈ ತಪ್ಪನ್ನ ಈ ಕೋಣೆಯಲ್ಲಿ ಯಾರೂ ಮಾಡಲ್ಲ, ಅಲ್ವಾ?" ಎಂದರು. ಅವರ ಹೊಗಳಿಕೆಯೆಂದರೆ ಇಷ್ಟೇ.

ಕಳೆದ ಮಳೆಗಾಲಕ್ಕೆ ಮುಂಚೆ ನಕ್ಷೆ ಸಿದ್ಧವಾಯಿತು. ಅದು ಹೇಳಿದ್ದನ್ನು ಕೆಳಬೀದಿಯಲ್ಲಿ ಯಾರೂ ಒಪ್ಪಲಿಲ್ಲ. ಕೆಳಬೀದಿಗೆ ನೀರು ಮೊದಲು ಬರುವುದು ಹೊಳೆಯ ಕಡೆಯಿಂದ ಅಲ್ಲ, ಬಸ್ ಡಿಪೋ ಹಿಂದಿನ ಮೋರಿ ತುಂಬಿ ಹಿತ್ತಿಲ ಕಡೆಯಿಂದ ಎಂದು ನಕ್ಷೆಯ ಲೆಕ್ಕ. ದರ್ಜಿ ಮಗಳ ಮೇಲೆ ರೇಗಿದರು. "ನಾನು ಹುಟ್ಟಿದ್ದೇ ಇಲ್ಲಿ ಕಣೇ. ನೀರು ಹೊಳೆಯಿಂದ ಬರದೆ ಇನ್ನೇನು ಬಸ್ಸಲ್ಲಿ ಬರುತ್ತಾ?" ಎಂದು ಮುಂಬಾಗಿಲಿಗೆ ಮರಳು ಮೂಟೆ ಒಟ್ಟಿದರು. ಮಗಳ ಕಾಟ ತಡೆಯಲಾರದೆ ಹೊಲಿಗೆ ಯಂತ್ರಗಳನ್ನು ಮಾತ್ರ ಅಟ್ಟಕ್ಕೇರಿಸಿದರು. ಮಳೆ ಹಿಡಿದ ಸಂಜೆ ಅವರು ಮುಂಬಾಗಿಲಲ್ಲಿ ಸನಿಕೆ ಹಿಡಿದು ಹೊಳೆಯನ್ನೇ ದಿಟ್ಟಿಸುತ್ತಿದ್ದಾಗ, ನೀರು ಅಡುಗೆಮನೆಯಿಂದ ಬಂದು ಹಿಂದಿನಿಂದ ಅವರ ಕಾಲು ಮುಟ್ಟಿತು. ಆಶ್ರಯ ಕೇಂದ್ರವನ್ನು ಮಾತ್ರ ಆಡಳಿತದವರು ಹುಡುಗಿಯರ ನಕ್ಷೆ ನೋಡಿ ಮೊದಲೇ ಮೇಲುಬೀದಿಯ ಗೋದಾಮಿಗೆ ಬದಲಿಸಿದ್ದರು. ಕೆಳಬೀದಿಯ ಮುದುಕಿಯರೆಲ್ಲ ಅಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಸೊಳ್ಳೆಯನ್ನು ಶಪಿಸುತ್ತಾ ಮನೆಗೆ ಹಿಂತಿರುಗಿದರು. ಎಲ್ಲರೂ ಹಿಂತಿರುಗಿದರು, ನಿರ್ದೇಶಕರೇ. ಅಷ್ಟು ಸಂತೋಷ ನನಗೆ ನನ್ನ ನೌಕರಿಯಲ್ಲಿ ಇನ್ನೊಮ್ಮೆ ಆಗಿಲ್ಲ.

ಇದಾದ ಮೇಲೆ ನಿಮ್ಮ ಆದೇಶ ಬಂತು. ಸದರಿ ಐದು ಕಾಲೇಜುಗಳಿಂದ ದೂರುಗಳು ಶೂನ್ಯಕ್ಕಿಳಿದಿವೆ. ಸದರಿ ಅಧಿಕಾರಿಯು ತಾವೇ ಬಗೆಹರಿಸಿದ ಸಮಸ್ಯೆಗಳ ಸಂಖ್ಯೆಯೂ ಶೂನ್ಯ. ಆದ್ದರಿಂದ ಹುದ್ದೆ ಅನಗತ್ಯ. ಅವರು ಪ್ರತಿ ತಿಂಗಳ ವರದಿಯಲ್ಲೂ 'ವಿದ್ಯಾರ್ಥಿಗಳೇ ಬಗೆಹರಿಸಿದರು' ಎಂದು ಪ್ರಾಮಾಣಿಕವಾಗಿ ಬರೆದದ್ದೇ ಅವರ ಕುತ್ತಿಗೆಗೆ ಬಂತು. ಮಕ್ಕಳಿಗೆ ನಡೆಯಲು ಕಲಿಸಿದ ತಾಯಿಯನ್ನು, ಎತ್ತಿಕೊಳ್ಳುವುದಿಲ್ಲವೆಂದು ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ನಾನು ರಜೆ ಹಾಕಿ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಆಪ್ತ ಸಹಾಯಕರು ಸಭ್ಯರು, ಕುರ್ಚಿ ಕೊಟ್ಟರು.

"ದೂರು ಬಂದ್ರೆ ತಾನೇ ಮೇಡಂ, ಅಗತ್ಯ ಇದೆ ಅಂತ ನಮಗೆ ಗೊತ್ತಾಗೋದು? ನೀವು ಕೊಡಲೇ ಇಲ್ಲ."

"ತೊಂದರೆ ಇರಲಿಲ್ಲ, ಕೊಡಲಿಲ್ಲ."

"ಅದನ್ನೇ ನಾನೂ ಹೇಳ್ತಿರೋದು."

"ತೊಂದರೆ ಇರದಿದ್ದದ್ದು ಅವರಿದ್ದಿದ್ದರಿಂದ."

ನಿಜವಾಗಿ ನನಗೆ ಸಹಾಯ ಮಾಡುವ ಮನಸ್ಸಿತ್ತು ಅವರಿಗೆ. ಆಮೇಲೆ ದನಿ ತಗ್ಗಿಸಿ, "ಒಂದು ಕೆಲಸ ಮಾಡಿ. ಏನಾದ್ರೂ ಕೆಡಿಸಿ. ಕೆಡಿಸಿ ಬರೆದು ಕಳಿಸಿ. ನಾನು ನಿರ್ದೇಶಕರ ಮುಂದೆ ಇಡ್ತೀನಿ" ಎಂದರು.

ಅಂದೇ ನಿಮ್ಮ ಸಭಾಂಗಣದಲ್ಲಿ ಒಂದು ಸಮಾವೇಶ ನಡೆಯುತ್ತಿತ್ತು. ಹೇಗೂ ಬಂದಿದ್ದೇನೆ ಎಂದು ಹಿಂದಿನ ಸಾಲಿನಲ್ಲಿ ಕೂತೆ. ವೇದಿಕೆಯಲ್ಲಿ ನೀವೇ ಇದ್ದಿರಿ. ಸಣ್ಣ ಕಾಲೇಜುಗಳ ತಾಂತ್ರಿಕ ಸಬಲೀಕರಣದ ಬಗ್ಗೆ ಮಾತಾಡುತ್ತಿದ್ದಿರಿ, ಚೆನ್ನಾಗಿಯೇ ಮಾತಾಡುತ್ತಿದ್ದಿರಿ. ನಡುವೆ ಮೈಕು ಕೀರಲಾಗಿ ಕಿರುಚಿತು. ನಿಮ್ಮ ಮೇಜಿನ ಕೆಳಗೆ ಯಾರೋ ಮೊಣಕಾಲೂರಿ ತಂತಿ ಹುಡುಕುತ್ತಿದ್ದದ್ದು ನನಗೆ ಕಂಡಿತು. ಅವರು ಎದ್ದು ಮಂಡಿಯ ಧೂಳು ಕೊಡವಿಕೊಂಡಾಗ ನೋಡಿದೆ, ಗುರುವಾರದ ಮೇಡಂ. ನೀವು ಅವರಿಗೆ ಧನ್ಯವಾದ ಹೇಳಿ ಮಾತು ಮುಂದುವರಿಸಿದಿರಿ. ಊಟದ ವಿರಾಮದಲ್ಲಿ ನಾನು ಅವರನ್ನು ಹಿಡಿದು, "ಇದೇನಮ್ಮಾ ನಿಮ್ಮ ಕೆಲಸ?" ಎಂದೆ. "ಹ್ಞೂಂ, ಮೈಕು, ಪರದೆ, ಎಲ್ಲ ನಾನೇ. ಇಲ್ಲಿ ದಿನಾ ದೂರು ಬರುತ್ತೆ. ಹುದ್ದೆ ಭದ್ರ" ಎಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳು ಬಂತು.

ನೀವು ಹೇಳಬಹುದು: ತರಬೇತಿ ಮುಗಿದಿದೆಯಲ್ಲ, ಹುಡುಗಿಯರು ಕಲಿತಿದ್ದಾರಲ್ಲ, ಇನ್ನೇನು? ಹೌದು, ನಿನ್ನೆ ಅಡುಗೆ ಮಾಡಿದ್ದೇವೆ, ಇನ್ನು ಒಲೆ ಯಾಕೆ? ಕಾಲೇಜೆಂದರೆ ಕಲಿತವರು ಪ್ರತಿ ವರ್ಷ ಗೇಟು ದಾಟಿ ಹೋಗುವ ಜಾಗ, ಹೋಗಲೇಬೇಕಾದ ಜಾಗ. ಮೇಡಂ ಹತ್ತಿರ ಕಲಿತ ತಂಡದಲ್ಲಿ ಈಗ ಉಳಿದಿರುವುದು ದರ್ಜಿಯ ಮಗಳೊಬ್ಬಳೇ, ಅವಳಿಗೂ ಇದು ಕೊನೆಯ ವರ್ಷ. ಕಿರಿಯರಿಗೆ ತನಗೆ ಗೊತ್ತಿದ್ದಷ್ಟನ್ನು ಕಲಿಸುತ್ತಿದ್ದಾಳೆ. ಅವಳಿಗೇ ಗೊತ್ತಿಲ್ಲದ್ದು ಎದುರಾದರೆ? ಮೇಡಂ ಬದಲಿಗೆ ನೀವು ಒಂದು ಆನ್‌ಲೈನ್ ಕಾರ್ಯಾಗಾರ ಕೊಟ್ಟಿರಿ, ಕೃತಜ್ಞತೆಗಳು. ನೂರಾರು ಕಾಲೇಜುಗಳು ಒಂದೇ ಪರದೆಯಲ್ಲಿ. ಮೊದಲ ಅರ್ಧ ತಾಸು 'ನನ್ನ ದನಿ ಕೇಳಿಸ್ತಿದೆಯಾ', ಉಳಿದ ಅರ್ಧ ತಾಸು ಸ್ವಾಗತ ಮತ್ತು ವಂದನಾರ್ಪಣೆ. ಕೊನೆಗೆ ನಮಗೆಲ್ಲ ಪ್ರಮಾಣಪತ್ರ ಬಂತು. ನಮ್ಮ ಕಾಲೇಜಿನ ಜವಾನನಿಗೂ ಬಂತು, ಅವನು ಚಹಾ ಕೊಡಲು ಪರದೆಯ ಮುಂದೆ ಹಾದುಹೋಗಿದ್ದ.

ಇರಲಿ, ಹಳೆಯ ನಕ್ಷೆ ಇದೆಯಲ್ಲ ಎನ್ನುತ್ತೀರಾ? ಇದೆ, ಆದರೆ ಅದು ಈಗ ಸುಳ್ಳು. ಈ ಬೇಸಿಗೆಯಲ್ಲಿ ನಗರಸಭೆಯವರು ಡಿಪೋ ಮುಂದಿನ ದೊಡ್ಡ ರಸ್ತೆಯನ್ನು ಮೊಣಕಾಲೆತ್ತರ ಏರಿಸಿ ಹೊಸದಾಗಿ ಹಾಸಿದರು. ಒಂದು ರಸ್ತೆ ಎದ್ದರೆ ಊರಿನ ನೀರೆಲ್ಲ ದಿಕ್ಕು ಬದಲಿಸುತ್ತದೆ. ಹುಡುಗಿಯರು ಮತ್ತೆ ಅಳೆದರು, ಈ ಸಲ ಟೇಪಿನ ಸರಿಯಾದ ಮಗ್ಗುಲಲ್ಲಿ. ಲೆಕ್ಕವನ್ನು ಮಹಾಗಣಕಕ್ಕೆ ಕಳಿಸಿದರೆ ಅರ್ಧಕ್ಕೆ ನಿಲ್ಲುತ್ತದೆ. ಅಲ್ಲಿ ಏನೋ ಹೊಸದು ಹಾಕಿದ್ದಾರಂತೆ, ನಮ್ಮ ಹಳೆಯ ವಿಧಾನ ಅದಕ್ಕೆ ಒಗ್ಗುತ್ತಿಲ್ಲ. ಸಹಾಯವಾಣಿಗೆ ಬರೆದರೆ 'ನಿಮ್ಮ ಸ್ಥಳೀಯ ಸಲಹೆಗಾರರನ್ನು ಸಂಪರ್ಕಿಸಿ' ಎಂಬ ಉತ್ತರ. ಸ್ಥಳೀಯ ಸಲಹೆಗಾರರು ನಿಮ್ಮ ಮೇಜಿನ ಕೆಳಗಿದ್ದಾರೆ. ನನಗೀಗ ಮೋಡ ನೋಡಿದರೆ ಹೆದರಿಕೆಯಾಗುತ್ತದೆ. ಭೂಗೋಳದ ಮೇಡಂ ಆಗಿ ಮೋಡಕ್ಕೆ ಹೆದರುವುದು ನಾಚಿಕೆಗೇಡು, ಆದರೂ ಹೆದರಿಕೆಯಾಗುತ್ತದೆ.

ಮೊನ್ನೆ ದರ್ಜಿಯೇ ನಮ್ಮ ಷೆಡ್ಡಿಗೆ ಬಂದರು, ಮೊದಲ ಸಲ. ಬಾಗಿಲಲ್ಲೇ ನಿಂತರು. ಬೀದಿಯ ಇನ್ನೂ ನಾಲ್ಕು ಮನೆಯವರು ಅವರ ಹಿಂದೆ. ಒಂದು ಕಾಲಕ್ಕೆ ನಮ್ಮನ್ನು ಗೇಲಿ ಮಾಡಿದವರೇ ಎಲ್ಲ.

"ರಸ್ತೆ ಎತ್ತರ ಮಾಡಿದಾರಲ್ಲ ಮೇಡಂ. ಈ ಸಲ ನೀರು ಯಾವ ಕಡೆಯಿಂದ ಬರುತ್ತೆ?"

ಮಗಳು ನನ್ನ ಮುಖ ನೋಡಿದಳು. ನಾನು ಪರದೆ ನೋಡಿದೆ. "ಗೊತ್ತಿಲ್ಲ" ಎಂದೆ. ಅವರು ನಂಬಲಿಲ್ಲ. "ಹೋದ ಸಲ ಗೊತ್ತಿತ್ತಲ್ಲ" ಎಂದರು.

ನಿರ್ದೇಶಕರೇ, ನಾನು ಹೊಸ ಕಟ್ಟಡ ಕೇಳುತ್ತಿಲ್ಲ, ಹೊಸ ಯಂತ್ರ ಕೇಳುತ್ತಿಲ್ಲ. ಐದು ಕಾಲೇಜುಗಳ ನಡುವೆ ಓಡಾಡುವ ಆ ಹುದ್ದೆಯನ್ನು ಮತ್ತೆ ಮಂಜೂರು ಮಾಡಿ, ಖಾಯಂ ಮಾಡಿ. ಅವರು ಎಷ್ಟು ದೂರು ಬಗೆಹರಿಸಿದರು ಎಂದು ಎಣಿಸಬೇಡಿ. ಅವರ ಕೈಯಲ್ಲಿ ಕಲಿತವರು ಇನ್ನೆಷ್ಟು ಜನರಿಗೆ ಕಲಿಸಿದರು ಎಂದು ಎಣಿಸಿ. ಮೊದಲ ಮಳೆಗೆ ಮುಂಚೆ ಗುರುವಾರದ ಮೇಡಂ ನಮ್ಮ ಊರಿನ ಬಸ್ಸಿನಿಂದ ಇಳಿಯಬೇಕು. ಅದು ಆಗುವುದಿಲ್ಲವೆಂದಾದರೆ, ದರ್ಜಿಯ ಪ್ರಶ್ನೆಗೆ ನೀವೇ ಉತ್ತರ ಕೊಡಿ. ನೀರು ಯಾವ ಕಡೆಯಿಂದ ಬರುತ್ತದೆ? ಒಂದೇ ಸಾಲು ಸಾಕು, ಕೆಳಗೆ ನಿಮ್ಮ ಸಹಿ ಇರಲಿ. ನಾನು ಅದನ್ನು ಕೆಳಬೀದಿಯ ಪ್ರತಿ ಮನೆಯ ಮುಂದೆ ನಿಂತು ಓದಿ ಹೇಳುತ್ತೇನೆ, ಮುದುಕಿಯರಿರುವ ಮನೆಗಳಲ್ಲಿ ಎರಡು ಸಲ.

ಇಂತಿ,
ನಿಮ್ಮ ಕಡತದ ಪ್ರಕಾರ ಯಾವ ತೊಂದರೆಯೂ ಇಲ್ಲದ ಕಾಲೇಜಿನ
ಭೂಗೋಳದ ಅಧ್ಯಾಪಕಿ